ಕೈಯನ್ನು ದೂರುವ ಮುಂಚೆ ಬಿಟ್ ನೋಡಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಮರಗೆಲಸ ತರಬೇತಿಯಲ್ಲಿ ಸಂಘವೊಂದರ ಪ್ರತಿನಿಧಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣ ಮಾಡುವವಳಲ್ಲ. ನಿಮ್ಮ ಹಾಗೆಯೇ ವಾರಕ್ಕೊಮ್ಮೆ ಚಾಪೆ ಮೇಲೆ ಕೂತು ಉಳಿತಾಯದ ಹಣ ಎಣಿಸುವವಳು. "ಡ್ರಿಲ್ ಬಿಟ್ ಆರಿಸೋದು ಹೇಗೆ ಅಂತ ಅರ್ಧ ಗಂಟೆ ಮಾತಾಡಿ" ಅಂತ ಕೇಳಿದಾಗ ನನಗೇ ನಗು ಬಂತು. ಬೆರಳುದ್ದದ ಒಂದು ಕಡ್ಡಿಯ ಬಗ್ಗೆ ಅರ್ಧ ಗಂಟೆ ಏನು ಹೇಳೋದು? ಆದರೆ ಆ ಬೆರಳುದ್ದದ ಕಡ್ಡಿಯೇ ನಮ್ಮ ಸಂಘದ ಮೊದಲ ದೊಡ್ಡ ಆರ್ಡರಿನ ಲಾಭವನ್ನು ನುಂಗಿ ಹಾಕಿತು. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದ ಒಬ್ಬ ಹೆಣ್ಣುಮಗಳ ಮೇಲೆ ನಾವೆಲ್ಲ ತಪ್ಪು ಹೊರಿಸುವ ಹಾಗೆ ಮಾಡಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಮೇಲೆ ಬಿದ್ದ ಪೆಟ್ಟು

ನಮ್ಮದು ಕಾಫಿ ತೋಟಗಳ ಸೀಮೆ. ನೆರಳಿಗೆ ಬೆಳೆಸಿದ ಸಿಲ್ವರ್ ಮರ ಬೇಕಾದಷ್ಟು ಸಿಗುತ್ತದೆ. ಸಾಮಿಲ್ಲಿನಲ್ಲಿ ಉಳಿದ ಹಲಗೆ ತುಂಡುಗಳನ್ನು ಕಡಿಮೆ ದರಕ್ಕೆ ತಂದು ಸಣ್ಣ ಸಾಮಾನು ಮಾಡೋಣ ಅಂತ ನಾವು ಏಳು ಜನ ಮುಂದೆ ಬಂದೆವು. ಸಂಘದಿಂದ ಆಂತರಿಕ ಸಾಲ ಪಡೆದು 10 ಮಿಲಿಮೀಟರಿನ ಒಂದು ಕೈ ಡ್ರಿಲ್ ಮೆಷಿನ್ ಕೊಂಡೆವು. 2018ರಲ್ಲಿ ಒಂದು ಹಾಸ್ಟೆಲಿನವರು ಮಕ್ಕಳು ಟವೆಲ್, ಚೀಲ ನೇತುಹಾಕುವುದಕ್ಕೆ 30 ಗೂಟದ ಹಲಗೆ ಬೇಕು ಅಂದರು. ಒಂದು ಹಲಗೆಗೆ ಐದು ಗೂಟ. ಲೆಕ್ಕ ಹಾಕಿ, 150 ತೂತು.

ಮೆಷಿನ್ನಿಗೆ ಹಣ ಕೊಟ್ಟಾಗಿತ್ತು, ಕೈಯಲ್ಲಿ ಉಳಿದದ್ದು ಸ್ವಲ್ಪ. ಸಂತೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಟ್ಟ 13 ಬಿಟ್ ಕಂಡೆವು. ಚಿನ್ನದ ಬಣ್ಣ, ಫಳಫಳ ಹೊಳೆಯುತ್ತಿದ್ದವು. ಒಂದು ಒಳ್ಳೆಯ ಬಿಟ್ಟಿನ ಬೆಲೆಗೆ ಹದಿಮೂರು! ಚೌಕಾಸಿ ಮಾಡಿ ಇನ್ನೂ ಹತ್ತು ರೂಪಾಯಿ ಇಳಿಸಿದೆವು ಅಂತ ಬಸ್ಸಿನಲ್ಲಿ ಬರುವಾಗ ನಮಗೆ ಹೆಮ್ಮೆ ಬೇರೆ. ಚೌಕಾಸಿ ಮಾಡಿದವಳು ನಾನೇ.

ಡ್ರಿಲ್ ಹಿಡಿಯುವ ಕೆಲಸ ನಮ್ಮಲ್ಲೇ ಎಲ್ಲರಿಗಿಂತ ಕಿರಿಯಳಾದ ಹುಡುಗಿಗೆ ಬಂತು. ಅವಳ ಕೈ ಸ್ಥಿರ, ಕಣ್ಣು ಚುರುಕು. ಮೊದಲ ಹತ್ತು ಹಲಗೆ ಹೇಗೋ ಆಯಿತು. ಆಮೇಲೆ ಮರದಿಂದ ಸುಟ್ಟ ವಾಸನೆ. ತೂತಿನ ಸುತ್ತ ಕಪ್ಪು. ಹಲಗೆಯ ಹಿಂದೆ ತಿರುಗಿಸಿ ನೋಡಿದರೆ ಚಕ್ಕೆ ಎದ್ದು ಗಾಯದ ಹಾಗೆ ಕಾಣುತ್ತಿತ್ತು. 8 ಮಿ.ಮೀ. ಗೂಟ 8 ಮಿ.ಮೀ. ತೂತಿನಲ್ಲಿ ಲೊಡಲೊಡ ಅಲ್ಲಾಡುತ್ತಿತ್ತು. ಅಂಟು ಜಾಸ್ತಿ ಹಾಕಿ ಕೂರಿಸಿ ಕೊಟ್ಟುಬಿಟ್ಟೆವು. ಒಂದೇ ತಿಂಗಳಲ್ಲಿ 12 ಹಲಗೆ ವಾಪಸ್ ಬಂತು. ಒದ್ದೆ ಟವೆಲಿನ ಭಾರಕ್ಕೇ ಗೂಟ ಕಿತ್ತು ಬಂದಿತ್ತು.

ಆ ವಾರದ ಸಭೆಯಲ್ಲಿ ಏನಾಯಿತು ಅಂತ ಹೇಳೋದಕ್ಕೆ ನನಗೆ ಈಗಲೂ ನಾಚಿಕೆ. "ಅವಳು ಮೆಷಿನ್ನನ್ನು ಅಲ್ಲಾಡಿಸಿದಳು", "ಅವಳಿಗೆ ಅವಸರ", "ಗಂಡಸರ ಕೆಲಸಕ್ಕೆ ನಾವು ಕೈ ಹಾಕಬಾರದಿತ್ತು" – ಒಬ್ಬೊಬ್ಬರು ಒಂದೊಂದು ಮಾತು. ಆ ಹುಡುಗಿ ಏನೂ ಉತ್ತರ ಕೊಡಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೋದಳು. ಮುಂದಿನ ಎರಡು ಸಭೆಗೆ ಬರಲಿಲ್ಲ.

ಊರಿನ ಹಿರಿಯ ಬಡಗಿ ಆಚಾರ್ರ ಹತ್ತಿರ ಒಂದು ಹಲಗೆ ತೆಗೆದುಕೊಂಡು ಹೋದೆ. ಅವರು ಹಲಗೆ ನೋಡಲೇ ಇಲ್ಲ. "ಬಿಟ್ ತಂದಿದ್ದೀಯಾ ತಾಯಿ?" ಅಂದರು. ಕೊಟ್ಟೆ. ಕಿಟಕಿಯ ಹಳೆ ಗಾಜಿನ ಮೇಲೆ ಇಟ್ಟು ಬೆರಳಿನಿಂದ ಉರುಳಿಸಿದರು. ಬಿಟ್ ಕುಣಿಯುತ್ತಾ ಉರುಳಿತು, ಸೊಟ್ಟ ಲಟ್ಟಣಿಗೆ ಉರುಳುವ ಹಾಗೆ. ಆಮೇಲೆ ಮೊನೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕಡೆಯ ಅಂಚು ಉದ್ದ, ಇನ್ನೊಂದು ಗಿಡ್ಡ. "ಯಾರ ಕೈಗೆ ಕೊಟ್ಟರೂ ಇದು ಇಷ್ಟೇ. ಆ ಮಗಳನ್ನ ಯಾಕೆ ಬೈದ್ರಿ?" ಅಂದರು.

ಅವತ್ತಿನಿಂದ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೆಷಿನ್ ತಿರುಗಿಸುತ್ತದೆ, ಬಿಟ್ ಕತ್ತರಿಸುತ್ತದೆ

ನಾವು ಮೆಷಿನ್ನಿಗೆ ಸಾವಿರಾರು ರೂಪಾಯಿ ಕೊಡುತ್ತೇವೆ, ಬಿಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಉಳಿಸುತ್ತೇವೆ. ಆದರೆ ಮರವನ್ನು ಮುಟ್ಟುವುದು ಮೆಷಿನ್ ಅಲ್ಲ. ಟೈಲರಿಂಗ್ ಕಲಿತವರಿಗೆ ಇದು ಬೇಗ ಗೊತ್ತಾಗುತ್ತದೆ. ತೆಳು ಬಟ್ಟೆಗೆ ಒಂದು ನಂಬರಿನ ಸೂಜಿ, ಜೀನ್ಸ್ ಬಟ್ಟೆಗೆ ಇನ್ನೊಂದು. ಸೂಜಿ ಮೊನೆ ಮುರಿದಿದ್ದರೆ ಎಷ್ಟು ದುಬಾರಿ ಮೆಷಿನ್ ಆದರೂ ಬಟ್ಟೆ ಹಾಳು. ಡ್ರಿಲ್ಲಿಗೂ ಅದೇ ಮಾತು.

ನಮ್ಮ ಹಳೆಯ ಬಡಗಿಗಳು ಬೈರಿಗೆಯಲ್ಲಿ ಕೈಯಿಂದಲೇ ತೂತು ಕೊರೆಯುತ್ತಿದ್ದರು. ಮೊನೆ ಚೂಪಾಗಿಲ್ಲದಿದ್ದರೆ ತೋಳು ಸೋಲುತ್ತಿತ್ತು, ಹಾಗಾಗಿ ತಕ್ಷಣ ಗೊತ್ತಾಗುತ್ತಿತ್ತು. ಈಗ ಕರೆಂಟ್ ಇದೆ. ಮೊಂಡು ಬಿಟ್ಟನ್ನೂ ಅದು ಬಲವಂತವಾಗಿ ತಿರುಗಿಸುತ್ತದೆ. ನಮ್ಮ ತೋಳಿಗೆ ಗೊತ್ತಾಗುವುದಿಲ್ಲ, ಮರ ಸುಡುತ್ತದೆ.

ಯಾವ ಕೆಲಸಕ್ಕೆ ಯಾವ ಬಿಟ್?

ಅಂಗಡಿಯಲ್ಲಿ ನೂರು ಬಗೆ ಇರುತ್ತವೆ. ನಮ್ಮ ಕೆಲಸಕ್ಕೆ ಐದು ಬಗೆ ಗುರುತಿಸಿದರೆ ಸಾಕು.

ಒಂದು, ಗೋಡೆ ಬಿಟ್. ಇದು ನಮಗೆ ಬೇಡ ಅಂತ ಗುರುತಿಸುವುದಕ್ಕೇ ಮೊದಲು ಹೇಳುತ್ತಿದ್ದೇನೆ. ಇದರ ತುದಿಯಲ್ಲಿ ಬೇರೆ ಲೋಹದ ದಪ್ಪ ತುಂಡೊಂದನ್ನು ಬೆಸೆದಿರುತ್ತಾರೆ. ಆ ತುಂಡು ಕಡ್ಡಿಗಿಂತ ಸ್ವಲ್ಪ ಅಗಲವಾಗಿ ಹೊರಗೆ ಚಾಚಿರುತ್ತದೆ. ಇಟ್ಟಿಗೆ, ಸಿಮೆಂಟನ್ನು ಜಜ್ಜಿ ಪುಡಿ ಮಾಡುವುದಕ್ಕೆ ಇದು ಸರಿ. ಮರವನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಒಂದು ಸಲ "ಡ್ರಿಲ್ ಬಿಟ್ ಕೊಡಿ" ಅಂತ ಮಾತ್ರ ಕೇಳಿದ್ದಕ್ಕೆ ಅಂಗಡಿಯೊಂದರಲ್ಲಿ ನಮಗೆ ಇದನ್ನೇ ಕಟ್ಟಿಕೊಟ್ಟಿದ್ದರು. ಅವರ ತಪ್ಪೂ ಅಲ್ಲ, ನಾವು ಮರಕ್ಕೆ ಅಂತ ಹೇಳಿರಲಿಲ್ಲ.

ಎರಡು, ಸಾದಾ ಸುರುಳಿ ಬಿಟ್. ಕಬ್ಬಿಣಕ್ಕೂ ಮರಕ್ಕೂ ಆಗುವಂಥದ್ದು. ಮೊನೆ ಗೋಪುರದ ಹಾಗೆ ಇಳಿಜಾರಾಗಿರುತ್ತದೆ. ಸ್ಕ್ರೂ ಹಾಕುವ ಮುಂಚೆ ಕೊರೆಯುವ ಸಣ್ಣ ತೂತಿಗೆ, ಅಂದರೆ 2ರಿಂದ 5 ಮಿ.ಮೀ. ತನಕ, ಇದು ಒಳ್ಳೆಯದು. ಇದರ ಒಂದು ದುರ್ಗುಣ ಏನೆಂದರೆ ಶುರುವಿನಲ್ಲಿ ಮರದ ಮೇಲೆ ಜಾರುತ್ತದೆ. ಆದ್ದರಿಂದ ಗುರುತಿನ ಮೇಲೆ ಮೊಳೆ ಇಟ್ಟು ಒಂದು ಸಣ್ಣ ಪೆಟ್ಟು ಹಾಕಿ ಗುಳಿ ಮಾಡಿಕೊಂಡು ಕೊರೆಯಬೇಕು.

ಮೂರು, ಮೂರು ಮೊನೆಯ ಮರದ ಬಿಟ್. ಅಂಗಡಿಯಲ್ಲಿ ವುಡ್ ಬಿಟ್ ಅಥವಾ ಬ್ರಾಡ್ ಪಾಯಿಂಟ್ ಅನ್ನುತ್ತಾರೆ. ನಮ್ಮ ಸಂಘಕ್ಕೆ ಅನ್ನ ಕೊಡುವುದು ಇದೇ. ನಡುವೆ ಸೂಜಿಯಂಥ ಮೊನೆ, ಎರಡು ಅಂಚಿನಲ್ಲಿ ಎರಡು ಪುಟ್ಟ ಕೋರೆ. ನಡುವಿನ ಮೊನೆ ಗುರುತಿನ ಮೇಲೆ ಕೂತು ಜಾರದ ಹಾಗೆ ಹಿಡಿಯುತ್ತದೆ. ಅಂಚಿನ ಕೋರೆಗಳು ಮರದ ನಾರನ್ನು ಮೊದಲು ದುಂಡಗೆ ಕತ್ತರಿಸುತ್ತವೆ, ಆಮೇಲೆ ಒಳಗಿನ ಮರ ಏಳುತ್ತದೆ. ಪೂರಿ ಎಲ್ಲ ಒಂದೇ ಅಳತೆಗೆ ಬರಲಿ ಅಂತ ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತುತ್ತೇವಲ್ಲ, ಹಾಗೆ. ಕೈಯಲ್ಲಿ ಹರಿದರೆ ಅಂಚು ಹರಕು, ಲೋಟ ಒತ್ತಿದರೆ ಅಂಚು ನುಣುಪು. ಗೂಟ, ಆಟಿಕೆ ಗಾಡಿಯ ಚಕ್ರ, ಸ್ಟೂಲಿನ ಜೋಡಣೆ – ಕಣ್ಣಿಗೆ ಕಾಣುವ ತೂತು, ಬಿಗಿಯಾಗಿ ಕೂರಬೇಕಾದ ತೂತು ಎಲ್ಲಕ್ಕೂ ಇದನ್ನೇ ಕೊಳ್ಳಿ. ಇದನ್ನು ಕಬ್ಬಿಣಕ್ಕೆ ಮಾತ್ರ ಹಾಕಬೇಡಿ, ಕೋರೆ ಮುರಿಯುತ್ತದೆ.

ನಾಲ್ಕು, ಫ್ಲಾಟ್ ಬಿಟ್. ಚಪ್ಪಟೆ ಸೌಟಿನ ಹಾಗೆ ಇರುತ್ತದೆ. 16, 20, 25 ಮಿ.ಮೀ.ನಂಥ ದೊಡ್ಡ ತೂತಿಗೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ತೂತು ಒರಟು. ಒಳಗೆ ವೈರ್ ಹೋಗುವ, ಯಾರೂ ನೋಡದ ಕಡೆಗೆ ಸರಿ.

ಐದು, ಕೀಲಿನ ಬಿಟ್. ಬೀರು ಬಾಗಿಲಿಗೆ ಹೊರಗೆ ಕಾಣದ ಹಿಂಜಸ್ ಕೂರಿಸುವಾಗ 35 ಮಿ.ಮೀ.ನ ತಳ ಸಪಾಟಾದ ಗುಳಿ ಬೇಕು. ಅದಕ್ಕೆ ಇರುವುದು ಇದು. ದುಬಾರಿ. ಅಂಥ ಆರ್ಡರ್ ಬಂದಾಗ ಮಾತ್ರ ಕೊಳ್ಳಿ. ಮೊದಲೇ ಕೊಂಡು ಪೆಟ್ಟಿಗೆಯಲ್ಲಿ ಮಲಗಿಸಬೇಡಿ.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಬದನೆಕಾಯಿ ಕೊಳ್ಳುವಾಗ ನಾವು ತಿರುಗಿಸಿ ತಿರುಗಿಸಿ ನೋಡುತ್ತೇವೆ. ಹುಳು ಇದ್ದರೆ ವಾಪಸ್ ಇಡುತ್ತೇವೆ. ಹಾರ್ಡ್‌ವೇರ್ ಅಂಗಡಿಗೆ ಹೋದರೆ ಮಾತ್ರ ಕೊಟ್ಟದ್ದನ್ನು ಕಣ್ಣು ಮುಚ್ಚಿ ತರುತ್ತೇವೆ. "ಮನೆಯವರನ್ನ ಕಳಿಸಿ ಅಮ್ಮ, ಅವರಿಗೆ ಗೊತ್ತಾಗುತ್ತೆ" ಅಂತ ನನಗೂ ಹೇಳಿದ್ದಾರೆ. ಆಗ ಸುಮ್ಮನೆ ಬಂದಿದ್ದೆ. ಈಗ ಕೌಂಟರಿನ ಮುಂದೆ ನಿಂತೇ ನೋಡುತ್ತೇನೆ.

ಮೊದಲು ಉರುಳಿಸಿ. ಕೌಂಟರಿನ ಗಾಜಿನ ಮೇಲೆ ಬಿಟ್ ಇಟ್ಟು ಉರುಳಿಸಿದರೆ ಸಮವಾಗಿ ಹೋಗಬೇಕು. ತುದಿ ಕುಣಿದರೆ ಸೊಟ್ಟ ಇದೆ.

ಎರಡನೆಯದು, ಮೊನೆ ನೋಡಿ. ಬೆಳಕಿಗೆ ಹಿಡಿದಾಗ ಎರಡು ಕಡೆಯ ಅಂಚು ಸಮ ಉದ್ದ, ಸಮ ಇಳಿಜಾರು ಇರಬೇಕು. ಒಂದು ಉದ್ದ ಒಂದು ಗಿಡ್ಡ ಇದ್ದರೆ ಬಿಟ್ ನಡುವಿನಿಂದ ಪಕ್ಕಕ್ಕೆ ಸರಿದು ತಿರುಗುತ್ತದೆ, 8 ಅಂತ ಬರೆದ ಬಿಟ್ ಅದಕ್ಕಿಂತ ಅಗಲವಾದ ತೂತು ಕೊರೆಯುತ್ತದೆ. ನಮ್ಮ ಗೂಟಗಳು ಅಲ್ಲಾಡಿದ್ದು ಇದಕ್ಕೇ. ಮೂರು ಮೊನೆಯ ಬಿಟ್ ಆದರೆ ನಡುಮೊನೆ ನಟ್ಟನಡುವೆ ಇದೆಯಾ, ಎರಡು ಕೋರೆ ಒಂದೇ ಎತ್ತರ ಇವೆಯಾ ನೋಡಿ.

ಮೂರನೆಯದು, ಸುರುಳಿಯ ಕಾಲುವೆ ಮೇಲೆ ಬೆರಳು ಆಡಿಸಿ. ಅಂಚಿಗೆ ತಾಗದ ಹಾಗೆ, ಹುಷಾರು. ಕೊರೆದ ಹೊಟ್ಟು ಹೊರಗೆ ಬರುವ ದಾರಿ ಅದು. ನುಣುಪಾಗಿದ್ದರೆ ಹೊಟ್ಟು ಸರಾಗ ಬರುತ್ತದೆ. ಒರಟಾಗಿದ್ದರೆ ಒಳಗೇ ಕಟ್ಟಿಕೊಂಡು ಬಿಸಿಯಾಗುತ್ತದೆ.

ನಾಲ್ಕನೆಯದು, ಬುಡದ ಮೇಲಿನ ಬರಹ. ಒಳ್ಳೆಯ ಬಿಟ್ಟಿನ ಬುಡದಲ್ಲಿ ಅಳತೆ, ತಯಾರಕರ ಗುರುತು ಕೆತ್ತಿರುತ್ತಾರೆ. ಸಾದಾ ಸುರುಳಿ ಬಿಟ್ ಆದರೆ ಎಚ್.ಎಸ್.ಎಸ್. ಅಂತ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಹೈ ಸ್ಪೀಡ್ ಸ್ಟೀಲ್ ಅಂತ ಅದರ ಅರ್ಥ. ಬಿಸಿಯಾದರೂ ಈ ಉಕ್ಕು ಬೇಗ ಮೆತ್ತಗಾಗುವುದಿಲ್ಲ. ಅಗ್ಗದ ಉಕ್ಕು ಒಂದು ಸಲ ಕಾದು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಗಟ್ಟಿತನ ಹೋಯಿತು, ಮತ್ತೆ ಚೂಪು ನಿಲ್ಲುವುದಿಲ್ಲ. ಮೂರು ಮೊನೆಯ ಮರದ ಬಿಟ್ಟುಗಳನ್ನು ಬೇರೆ ಉಕ್ಕಿನಲ್ಲೂ ಮಾಡುತ್ತಾರೆ, ಕ್ರೋಮ್ ವೆನೇಡಿಯಂ ಅಂತ ಬರೆದಿದ್ದರೆ ತಪ್ಪೇನಿಲ್ಲ.

ಐದನೆಯದು, ಬಣ್ಣಕ್ಕೆ ಮರುಳಾಗಬೇಡಿ. ಚಿನ್ನದ ಬಣ್ಣದ ನಿಜವಾದ ಲೇಪ ಕಬ್ಬಿಣ ಕೊರೆಯುವವರಿಗೆ ಉಪಯೋಗ. ಮರಕ್ಕೆ ಅದರಿಂದ ದೊಡ್ಡ ಲಾಭ ಇಲ್ಲ. ಸಾಣೆ ಹಿಡಿದರೆ ಆ ಜಾಗದಲ್ಲಿ ಲೇಪ ಹೋಗುತ್ತದೆ. ಅಗ್ಗದ ಬಿಟ್ಟುಗಳಲ್ಲಿ ಅದು ಬರೀ ಬಣ್ಣ. ನಾನು ಮೋಸ ಹೋದದ್ದು ಅಲ್ಲೇ.

ಅಳತೆಯ ಮಾತು

ಸ್ಕ್ರೂ ಹಾಕಿದಾಗ ಹಲಗೆ ಸೀಳಿತು ಅಂತ ಹಲವರು ಹೇಳುತ್ತೀರಿ. ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ಬಿಗಿದದ್ದೇ ಕಾರಣ. ಸ್ಕ್ರೂವಿನ ನಡುದಂಡ ಕೂರುವಷ್ಟು ಜಾಗ ಬೇಕು, ಅದರ ಮರೆ ಅಂದರೆ ತಿರುಪಿನ ಹಲ್ಲು ಮರವನ್ನು ಕಚ್ಚಬೇಕು. ನಾವು ಬಳಸುವುದು ಹೆಚ್ಚಾಗಿ 6 ಮತ್ತು 8ನೇ ನಂಬರ್ ಸ್ಕ್ರೂ. 6ನೇ ನಂಬರ್ ಸುಮಾರು 3.5 ಮಿ.ಮೀ. ದಪ್ಪ, 8ನೇ ನಂಬರ್ ಸುಮಾರು 4.2. ಈ ಲೆಕ್ಕ ಬರೆದುಕೊಳ್ಳಿ:

6ನೇ ನಂಬರಿಗೆ: ಸಿಲ್ವರ್‌ನಂಥ ಮೆದು ಮರಕ್ಕೆ 2 ಮಿ.ಮೀ., ಅಕೇಶಿಯಾದಂಥ ಗಟ್ಟಿ ಮರಕ್ಕೆ 2.5 ಮಿ.ಮೀ. ಬಿಟ್.

8ನೇ ನಂಬರಿಗೆ: ಮೆದು ಮರಕ್ಕೆ 2.5, ಗಟ್ಟಿ ಮರಕ್ಕೆ 3 ಮಿ.ಮೀ. ಬಿಟ್.

ಎರಡು ಹಲಗೆ ಸೇರಿಸುವಾಗ ಮೇಲಿನ ಹಲಗೆಯಲ್ಲಿ ಮಾತ್ರ 4.5 ಮಿ.ಮೀ. ತೂತು ಮಾಡಿ. ಸ್ಕ್ರೂ ಅಲ್ಲಿ ಸಲೀಸಾಗಿ ಹಾದು ಹೋಗಿ ಕೆಳಗಿನ ಹಲಗೆಯನ್ನು ಕಚ್ಚಿ ಎಳೆಯುತ್ತದೆ. ಆಗ ಎರಡೂ ಹಲಗೆ ಸಂದಿಲ್ಲದೆ ಕೂಡುತ್ತವೆ.

ಗೂಟಕ್ಕೆ ಆದರೆ, 8 ಮಿ.ಮೀ. ಅಂತ ತಂದ ಗೂಟ ಸರಿಯಾಗಿ 8 ಇರುತ್ತದೆ ಅಂತ ನಂಬಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಳು ತುಂಡಿನಲ್ಲಿ ಒಂದು ತೂತು ಮಾಡಿ ಗೂಟ ಕೂರಿಸಿ ನೋಡಿ. ಕೊಡತಿಯ ಸಣ್ಣ ಪೆಟ್ಟಿಗೆ ಒಳಗೆ ಹೋಗಬೇಕು. ಕೈಯಲ್ಲಿ ಅಲ್ಲಾಡಬಾರದು. ಆಟಿಕೆ ಗಾಡಿಯ ಚಕ್ರಕ್ಕೆ ಮಾತ್ರ ಅಚ್ಚಿಗಿಂತ ಅರ್ಧ ಮಿ.ಮೀ. ದೊಡ್ಡ ತೂತು ಬೇಕು, ಇಲ್ಲದಿದ್ದರೆ ಚಕ್ರ ತಿರುಗುವುದಿಲ್ಲ.

ಒಳ್ಳೆಯ ಬಿಟ್ಟನ್ನು ಕೆಡಿಸದಿರಿ

ದೊಡ್ಡ ಬಿಟ್ಟಿಗೆ ನಿಧಾನ ವೇಗ, ಸಣ್ಣ ಬಿಟ್ಟಿಗೆ ಜೋರು ವೇಗ. ಆಳದ ತೂತು ಆದರೆ ಮಧ್ಯೆ ಮಧ್ಯೆ ಬಿಟ್ ಮೇಲೆತ್ತಿ ಹೊಟ್ಟು ಉದುರಿಸಿ. ಹೊಗೆ ಅಥವಾ ಸುಟ್ಟ ವಾಸನೆ ಬಂದರೆ ಒತ್ತಡ ಹಾಕಬೇಡಿ, ನಿಲ್ಲಿಸಿ ಮೊನೆ ನೋಡಿ. ಹಲಗೆಯ ಕೆಳಗೆ ಒಂದು ಹಾಳು ತುಂಡು ಇಟ್ಟು, ಎರಡನ್ನೂ ಕ್ಲ್ಯಾಂಪಿನಿಂದ ಬಿಗಿದು ಕೊರೆಯಿರಿ. ಆಗ ಹಿಂಬದಿಯ ಚಕ್ಕೆ ಏಳುವುದಿಲ್ಲ.

ಕೆಲಸ ಮುಗಿದ ಮೇಲೆ ಬಿಟ್ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟುಗಟ್ಟುತ್ತದೆ. ಡಬ್ಬಿಯಲ್ಲಿ ಎಲ್ಲ ಒಟ್ಟಿಗೆ ಸುರಿಯಬೇಡಿ, ಮೊನೆಗೆ ಮೊನೆ ತಾಗಿ ಮೊಂಡಾಗುತ್ತವೆ. ಹಳೆ ಜೀನ್ಸ್ ಬಟ್ಟೆಯಲ್ಲಿ ಒಂದೊಂದಕ್ಕೂ ಜೇಬು ಹೊಲಿದು ಸುರುಳಿ ಸುತ್ತಿಡಿ. ನಮ್ಮ ಸಂಘದಲ್ಲಿ ಅಳತೆಯ ಅಂಕಿಯನ್ನು ದಾರದಲ್ಲಿ ಹೊಲಿದಿದ್ದೇವೆ.

ನಿಮ್ಮ ಕ್ಷೇಮದ ಮಾತು ಮರೆಯಬೇಡಿ. ಬಿಟ್ ಬದಲಿಸುವಾಗ ಪ್ಲಗ್ ತೆಗೆದಿರಲಿ. ಚಕ್ ಕೀಲಿಯನ್ನು ತೆಗೆದ ಮೇಲೆಯೇ ಸ್ವಿಚ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಗಂಟು ಕಟ್ಟಿ, ಸಡಿಲ ಬಳೆ ತೆಗೆದಿಡಿ. ತಿರುಗುವ ಮೆಷಿನ್ ಹತ್ತಿರ ಬಟ್ಟೆಯ ಕೈಗವಸು ಬೇಡ, ಸುತ್ತಿಕೊಂಡು ಕೈ ಎಳೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಸಂಘ ಮೊದಲು ಏನು ಕೊಳ್ಳಬೇಕು?

ಹದಿಮೂರರ ಡಬ್ಬಿಯಲ್ಲಿ ನಾವು ಬಳಸಿದ್ದು ಮೂರೇ ಅಳತೆ. ಆದ್ದರಿಂದ ಡಬ್ಬಿ ಬಿಟ್ಟು ಬಿಡಿಬಿಡಿಯಾಗಿ ಕೊಳ್ಳಿ. ಸಾದಾ ಸುರುಳಿ ಬಿಟ್ 2 ಮತ್ತು 2.5 ಮಿ.ಮೀ. ಎರಡೆರಡು, ಏಕೆಂದರೆ ತೆಳುವಾದವು ಬೇಗ ಮುರಿಯುತ್ತವೆ. 3 ಮತ್ತು 4.5 ಒಂದೊಂದು. ಮೂರು ಮೊನೆಯದು 6, 8, 10 ಒಂದೊಂದು. ಸ್ಕ್ರೂ ತಲೆ ಹಲಗೆಯೊಳಗೆ ಸಮವಾಗಿ ಕೂರಲು ಕೌಂಟರ್ ಸಿಂಕ್ ಒಂದು. ಒಟ್ಟು ಹತ್ತು. ಇಷ್ಟರಲ್ಲಿ ಗೂಟದ ಹಲಗೆ, ಕೀ ಹಲಗೆ, ಆಟಿಕೆ, ಸ್ಟೂಲು ಎಲ್ಲ ಆಗುತ್ತದೆ. ಕೊಳ್ಳುವಾಗ ರಸೀದಿ ಪಡೆಯಿರಿ, ಖರ್ಚಿನ ಪುಸ್ತಕದಲ್ಲಿ ಅಳತೆ ಸಮೇತ ಬರೆಯಿರಿ. ಯಾವ ಬಿಟ್ ಎಷ್ಟು ತೂತಿಗೆ ಬಂತು ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಕಥೆ ಮುಗಿಸಿಬಿಡುತ್ತೇನೆ. ಆಚಾರ್ರ ಹತ್ತಿರದಿಂದ ಬಂದ ಸಂಜೆಯೇ ನಾನು ಆ ಹುಡುಗಿಯ ಮನೆಗೆ ಹೋದೆ. ಬಿಟ್ಟನ್ನು ಅವರ ಮನೆಯ ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಉರುಳಿಸಿ ತೋರಿಸಿದೆ. "ತಪ್ಪು ನಿನ್ನದಲ್ಲ, ಇದನ್ನ ಕೊಂಡ ನನ್ನದು" ಅಂದೆ. ಅವಳು ಬಿಟ್ಟನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದಳು. ಆಮೇಲೆ, "ಅಕ್ಕಾ, ಮೂರನೇ ಹಲಗೆಗೇ ನನಗೆ ಅನುಮಾನ ಬಂದಿತ್ತು, ಹೇಳೋಕೆ ಹೆದರಿದೆ" ಅಂದಳು. ಆ ಮಾತು ನನಗೆ ಬಹಳ ಚುಚ್ಚಿತು. ಬೈಯುವುದಕ್ಕೆ ಬಾಯಿ ಇದ್ದ ನಾವು, ಕೇಳುವುದಕ್ಕೆ ಕಿವಿ ಕೊಟ್ಟಿರಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರ ಎದುರು ನಾನು ಅದನ್ನೇ ಹೇಳಿದೆ, ನಿರ್ಣಯ ಪುಸ್ತಕದಲ್ಲೂ ಬರೆಸಿದೆವು. ಹನ್ನೆರಡು ಹಲಗೆ ಹೊಸದಾಗಿ ಮಾಡಿ ಕೊಟ್ಟೆವು. ಲಾಭ ಏನೂ ಉಳಿಯಲಿಲ್ಲ. ಹಾಸ್ಟೆಲಿನವರ ವಿಶ್ವಾಸ ಉಳಿಯಿತು, ಮಾರನೆಯ ವರ್ಷ ಪುಸ್ತಕದ ಕಪಾಟಿಗೆ ಅವರೇ ಕರೆದರು.

ಈಗ ನಮ್ಮ ಸಂಘಕ್ಕೆ ಬಿಟ್ ಕೊಳ್ಳುವುದು ಆ ಹುಡುಗಿಯೇ. ಅಂಗಡಿಯವರು ಅವಳನ್ನು ಕಂಡ ಕೂಡಲೇ ಗಾಜಿನ ಮೇಲಿನ ಸಾಮಾನು ಸರಿಸಿ ಉರುಳಿಸಲು ಜಾಗ ಮಾಡಿಕೊಡುತ್ತಾರೆ.



ನಿಮ್ಮ ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಉಪಕರಣಗಳನ್ನು ಯಾರು ಆರಿಸುತ್ತಾರೆ? ಅದರಲ್ಲಿ ಕೆಲಸ ಮಾಡುವವರನ್ನು ಕೇಳುತ್ತೇವೆಯೇ?

2. ಅಗ್ಗಕ್ಕೆ ಕೊಂಡು ನಷ್ಟ ಆದದ್ದು ಯಾವುದಾದರೂ ಇದೆಯೇ? ಆ ನಷ್ಟದ ಪೂರ್ತಿ ಲೆಕ್ಕ ಹಾಕಿದ್ದೇವೆಯೇ?

3. ಕೆಲಸ ಕೆಟ್ಟಾಗ ಮೊದಲು ಯಾರನ್ನು ದೂರುತ್ತೇವೆ? ಏನನ್ನು ಪರೀಕ್ಷಿಸುತ್ತೇವೆ?

4. ನಮ್ಮಲ್ಲಿರುವ ಬಿಟ್ಟುಗಳನ್ನು ಸಭೆಗೆ ತಂದು ಗಾಜಿನ ಮೇಲೆ ಉರುಳಿಸಿ ನೋಡಿ. ಎಷ್ಟು ನೇರ ಇವೆ, ಎಷ್ಟು ಸೊಟ್ಟ ಇವೆ ಎಂದು ಬರೆದಿಡಿ.